ತಿರುಗುವ ತಗಡನ್ನು ಒಡೆದವರು ಯಾರಾದರೂ ಇದ್ದೀರಾ?

ಕೌಲ್‌ಬಜಾರ್ ಮೆಕ್ಯಾನಿಕ್, ಬಳ್ಳಾರಿ:

ಮೊನ್ನೆ ಒಂದು ಜೀನ್ಸ್ ಯೂನಿಟ್‌ನಲ್ಲಿ ಹೊಲಿಗೆ ಯಂತ್ರ ಬಿಚ್ಚಿಕೊಂಡು ಕುಳಿತಿದ್ದೆ. ನನ್ನ ಕಸುಬೇ ಅದು. ಪಕ್ಕದ ಮೇಜಿನಲ್ಲಿ ಹುಡುಗನೊಬ್ಬ ಪ್ಯಾಂಟಿನ ಜೇಬಿಗೆ ಹೊಡೆಯುವ ರಿವೆಟ್‌ಗಳನ್ನು ಪೊಟ್ಟಣದಿಂದ ತಗಡಿನ ತಟ್ಟೆಗೆ ಸುರಿದ. ಟಿಂಗ್, ಟಿಂಗ್, ಟಿಂಗ್. ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೆಯೇ ನಿಂತಿತು. ಆ ಸದ್ದನ್ನು ನಾನು ಮೊದಲು ಕೇಳಿದ್ದು ಯಾವ ಕಾರ್ಖಾನೆಯಲ್ಲೂ ಅಲ್ಲ, ಒಂದು ವಿಡಿಯೋ ಗೇಮಿನಲ್ಲಿ. ಆ ಆಟದ ಹೆಸರು ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಅದನ್ನು ಕೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

1994ರ ಬೇಸಿಗೆ. ಏಳನೆಯ ತರಗತಿಯ ಪರೀಕ್ಷೆ ಮುಗಿದಿತ್ತು. ಬಳ್ಳಾರಿಯ ಏಪ್ರಿಲ್ ಬಿಸಿಲನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಧ್ಯಾಹ್ನ ಹನ್ನೆರಡಾದರೆ ನಮ್ಮ ಓಣಿಯ ನಾಯಿಗಳೂ ಚರಂಡಿಗೆ ಇಳಿದು ಮಲಗುತ್ತಿದ್ದವು. ಓಣಿಯ ತುದಿಯಲ್ಲಿ ಬಾಡಿಗೆ ಸೈಕಲ್ ಅಂಗಡಿ ಇತ್ತು. ಆ ಬಿಸಿಲಿನಲ್ಲಿ ಸೈಕಲ್ ಒಯ್ಯುವವರು ಯಾರು? ಅಂಗಡಿಯ ಕಾಕಾ ಒಂದು ಉಪಾಯ ಹೂಡಿದರು. ಹಿಂದಿನ ಕೋಣೆಯಲ್ಲಿ ಒಂದು ಹದಿನಾಲ್ಕು ಇಂಚಿನ ಕಪ್ಪು ಬಿಳುಪು ಟಿವಿ, ಅದಕ್ಕೊಂದು ಟಿವಿ ಗೇಮ್ ಡಬ್ಬಿ, ಹಳದಿ ಬಣ್ಣದ ಒಂದು ಕ್ಯಾಸೆಟ್. ಬಾಗಿಲಿಗೆ ಗೋಣಿಚೀಲದ ಪರದೆ. ಅರ್ಧ ಗಂಟೆಗೆ ಎರಡು ರೂಪಾಯಿ. ಟೇಬಲ್ ಫ್ಯಾನ್ ಇತ್ತು, ಆದರೆ ನಮಗಲ್ಲ. ಅದರ ಮುಖ ಅಡಾಪ್ಟರಿನ ಕಡೆಗೆ. ಅಡಾಪ್ಟರ್ ಅಷ್ಟು ಸುಡುತ್ತಿತ್ತು. ನಾವು ಬನಿಯನ್ನಿನಲ್ಲಿ ಕುಳಿತು ಬೆವರುತ್ತಿದ್ದೆವು, ಅಡಾಪ್ಟರ್ ರಾಜನಂತೆ ಗಾಳಿ ತೆಗೆದುಕೊಳ್ಳುತ್ತಿತ್ತು.

ಆ ಕ್ಯಾಸೆಟ್ಟಿನಲ್ಲಿ ಆಟಗಳ ಉದ್ದನೆಯ ಪಟ್ಟಿಯೇ ಇತ್ತು. ಎಲ್ಲರೂ ಟ್ಯಾಂಕ್ ಆಟಕ್ಕೆ ಬೀಳುತ್ತಿದ್ದರು. ನಾನು ಮತ್ತು ನನ್ನ ಗೆಳೆಯನೊಬ್ಬ ಮಾತ್ರ ಪಟ್ಟಿಯ ಕೆಳಗಿದ್ದ ಒಂದು ವಿಮಾನದ ಆಟಕ್ಕೆ ಅಂಟಿಕೊಂಡೆವು. ವಿಮಾನ ಮೇಲ್ಮುಖವಾಗಿ ಹೋಗುತ್ತದೆ. ಕೆಳಗೆ ಕಾಡು, ನದಿ, ದಾರಿ ಎಲ್ಲ ನಿಧಾನವಾಗಿ ಜಾರುತ್ತವೆ. ಒಂದು ಗುಂಡಿ ಒತ್ತಿದರೆ ಆಕಾಶಕ್ಕೆ ಗುಂಡು, ಇನ್ನೊಂದು ಒತ್ತಿದರೆ ನೆಲಕ್ಕೆ ಬಾಂಬು. ಬಾಂಬು ಎಲ್ಲಿ ಬೀಳುತ್ತದೆ ಎಂದು ತೋರಿಸುವ ಗುರುತೊಂದು ವಿಮಾನದ ಮುಂದೆ ಒಂದಿಷ್ಟು ದೂರದಲ್ಲಿ ಸದಾ ತೇಲುತ್ತಿರುತ್ತದೆ. ಬಳೆಯಂಥ ವೈರಿಗಳು ಹತ್ತಿರದವರೆಗೂ ಬಂದು, ಸಾಲ ಕೊಟ್ಟವನನ್ನು ಕಂಡವರಂತೆ ಪಕ್ಕಕ್ಕೆ ಹೊರಳಿ ಓಡುತ್ತಿದ್ದವು. ಒಂದು ಕಡೆ ನೆಲದ ಮೇಲೆ ಯಾರೋ ಗೀಚಿದಂಥ ದೊಡ್ಡ ಹಕ್ಕಿಯ ಚಿತ್ರ ಬರುತ್ತಿತ್ತು.

ಇಷ್ಟಾದರೆ ನಾನು ಇದನ್ನು ಎಂದೋ ಮರೆಯುತ್ತಿದ್ದೆ. ಆದರೆ ನಡುವೆ ತಗಡುಗಳು ಬರುತ್ತಿದ್ದವು. ಮಳೆಗಾಲಕ್ಕೆ ಮುಂಚಿನ ಬಿರುಗಾಳಿಗೆ ಮಾಳಿಗೆಯಿಂದ ಕಿತ್ತುಬಂದ ತಗಡು ಗಾಳಿಯಲ್ಲಿ ಹೊರಳುತ್ತದಲ್ಲ, ಅದೇ ರೀತಿ. ಒಂದಾದ ಮೇಲೊಂದು ತಿರುಗುತ್ತ ತಿರುಗುತ್ತ ಕೆಳಗಿಳಿಯುತ್ತಿದ್ದವು. ಅವು ಗುಂಡು ಹಾರಿಸುವುದಿಲ್ಲ, ಬೆನ್ನಟ್ಟುವುದಿಲ್ಲ, ನಮ್ಮನ್ನು ನೋಡುವುದೂ ಇಲ್ಲ. ಆದರೆ ತಗುಲಿದರೆ ಸತ್ತೆವು. ಹೊಡೆದರೆ ‘ಟಿಂಗ್’ ಎನ್ನುತ್ತವೆ, ಒಡೆಯುವುದಿಲ್ಲ. ನನಗೆ ಅಂಕ ಬೇಕಿರಲಿಲ್ಲ. ಎರಡು ರೂಪಾಯಿ ಕೊಟ್ಟು, ಬೇರೆ ವೈರಿಗಳನ್ನೆಲ್ಲ ಬಿಟ್ಟು, ಆ ತಗಡುಗಳಿಗೇ ಹೊಡೆಯುತ್ತ ಕೂರುತ್ತಿದ್ದೆ. ಹೆಬ್ಬೆರಳಿನ ಚರ್ಮ ಎದ್ದು, ಅವ್ವ ಅರಿಶಿನ ಹಚ್ಚಿದ್ದಳು. ಹೀಗಿರುವಾಗ ಒಂದು ದಿನ ನನ್ನ ಗೆಳೆಯ, ‘ನಾನು ನಿನ್ನೆ ಒಂದು ತಗಡನ್ನು ಒಡೆದೆ’ ಎಂದ. ನಾನು ನೋಡಲಿಲ್ಲ. ಕಾಕಾ ಕೂಡ ನೋಡಲಿಲ್ಲ. ಜೂನ್ ತಿಂಗಳಲ್ಲಿ ಕಾಕಾ ಆ ಡಬ್ಬಿಯನ್ನು ಮಾರಿಬಿಟ್ಟರು.

ಅಂದಿನಿಂದ ಇಂಥ ಆಟ ಎಲ್ಲಿ ಕಂಡರೂ ಬಿಡದೆ ಆಡುವ ಚಟ ಹತ್ತಿತು. ಮಗಳು ನಗುತ್ತಾಳೆ. ನನ್ನ ಪ್ರಶ್ನೆ ಎರಡು. ಇದು ಯಾವ ಆಟ? ಆ ತಗಡನ್ನು ನಿಮ್ಮಲ್ಲಿ ಯಾರಾದರೂ ನಿಜವಾಗಿ ಒಡೆದಿದ್ದೀರಾ? ಹಾಗೆಯೇ, ನಿಮಗೆ ಈ ಹುಚ್ಚು ಹತ್ತಿಸಿದ ಮೊದಲ ಆಟ ಯಾವುದು ಎಂಬುದನ್ನೂ ಬರೆಯಿರಿ. ಮೂರಾಯಿತು, ಇರಲಿ.


ತೀನ್ ಕಂದೀಲ್, ರಾಯಚೂರು:

ಅಣ್ಣಾ, ಹೆಸರು ನನಗೆ ಗೊತ್ತಿಲ್ಲ. ಆದರೆ ಅಡಾಪ್ಟರಿಗೆ ಫ್ಯಾನ್ ಹಿಡಿದ ಮಾತು ಓದಿ ನಕ್ಕು ಸಾಕಾಯಿತು. ನಮ್ಮ ಮನೆಯಲ್ಲಿ ಅದನ್ನು ನೀರಿನ ಮಡಕೆಯ ಪಕ್ಕ ಇಡುತ್ತಿದ್ದೆವು, ತಣ್ಣಗಿರಲಿ ಎಂದು. ಬದುಕಿದ್ದೇವೆ ಎಂಬುದೇ ದೊಡ್ಡದು.

ನನ್ನ ಮೊದಲ ಆಟ ಗ್ಯಾಲಕ್ಸಿಯನ್. ಹುಳುಗಳು ಸಾಲಾಗಿ ಬಂದು ಮೇಲೆ ನಿಲ್ಲುತ್ತವೆ. ದೊಡ್ಡ ಹುಳ ಕೆಳಗಿಳಿದು ಬೀಸಣಿಗೆಯಂಥ ಬೆಳಕು ಚೆಲ್ಲಿ ನಮ್ಮ ವಿಮಾನವನ್ನು ಎಳೆದುಕೊಂಡು ಹೋಗುತ್ತದೆ. ಆಮೇಲೆ ಆ ಹುಳವನ್ನು ಹೊಡೆದರೆ ಸೆರೆಯಾದ ವಿಮಾನ ಬಿಡುಗಡೆಯಾಗಿ ನಮ್ಮ ಪಕ್ಕದಲ್ಲಿ ಬಂದು ಕೂಡುತ್ತದೆ. ಎರಡೂ ಜೋಡಿಯಾಗಿ ಗುಂಡು ಹಾರಿಸುತ್ತವೆ.

ಇದನ್ನು ಕಂಡುಹಿಡಿದದ್ದು ನಾನಲ್ಲ, ನನ್ನ ಅಕ್ಕ. ನನಗೆ ಒಂಬತ್ತು ವರ್ಷ, ಅವಳಿಗೆ ಹದಿಮೂರು. ಅವಳು ಬೇಕೆಂದೇ ವಿಮಾನವನ್ನು ಬೆಳಕಿನ ಕೆಳಗೆ ಒಯ್ದು ನಿಲ್ಲಿಸುತ್ತಿದ್ದಳು. ನನಗೆ ಜೀವ ಹೋದಂತಾಗುತ್ತಿತ್ತು. ಇರುವುದೇ ಮೂರು, ಅದರಲ್ಲಿ ಒಂದನ್ನು ಕೈಯಾರೆ ಕೊಡುವುದೆಂದರೇನು? ‘ಕೊಡಬೇಡ ಕೊಡಬೇಡ’ ಎಂದು ಅವಳ ಕೈಯಿಂದ ರಿಮೋಟ್ ಕಿತ್ತುಕೊಳ್ಳಲು ಹೋಗಿ ಅದರ ವೈರನ್ನೇ ಕಿತ್ತಿದ್ದೇನೆ. ಅಪ್ಪನದು ಹತ್ತಿ ದಲಾಲಿ ಅಂಗಡಿ. ಅಕ್ಕ ಆ ಅಂಗಡಿಯ ಮಗಳೇ ಸರಿ. ‘ಮೊದಲು ಮುಂಗಡ ಕೊಡಬೇಕು, ಆಮೇಲೆ ಮಾಲು ಬರುತ್ತದೆ’ ಎನ್ನುತ್ತಿದ್ದಳು.

ಅವಳು ತೋರಿಸಿದ ಇನ್ನೊಂದು ಸೂಕ್ಷ್ಮ ಹೇಳಬೇಕು. ದೊಡ್ಡ ಹುಳಕ್ಕೆ ಎರಡು ಏಟು ಬೇಕು. ಮೊದಲ ಏಟಿಗೆ ಅದರ ಬಣ್ಣ ಬದಲಾಗುತ್ತದೆ ಅಷ್ಟೇ. ವಿಮಾನ ಸೆರೆ ಹಿಡಿದ ಹುಳ ಸಾಲಿನಲ್ಲಿ ಸುಮ್ಮನೆ ನಿಂತಿರುವಾಗ ಹೊಡೆಯಬಾರದು. ಅದು ನಮ್ಮ ವಿಮಾನವನ್ನು ಬೆನ್ನಿಗೆ ಕಟ್ಟಿಕೊಂಡು ಕೆಳಗೆ ಧುಮುಕುವವರೆಗೆ ಕಾಯಬೇಕು. ಮೊದಲೇ ಹೊಡೆದರೆ ನಮ್ಮ ವಿಮಾನವೇ ನಮ್ಮ ಮೇಲೆ ತಿರುಗಿ ಬೀಳುತ್ತದೆ. ಆ ಕಾಯುವ ನಾಲ್ಕೈದು ಸೆಕೆಂಡು ಇದೆಯಲ್ಲ, ನನ್ನ ಹುಚ್ಚು ಹುಟ್ಟಿದ್ದು ಅಲ್ಲಿಯೇ. ಸುತ್ತ ಗುಂಡು ಸುರಿಯುತ್ತಿರುತ್ತದೆ, ನೀವು ಮಾತ್ರ ಹೊಡೆಯದೆ ತಪ್ಪಿಸಿಕೊಳ್ಳುತ್ತ ಇರಬೇಕು. ಒಂದು ಸಲ ಸರಿಯಾಗಿ ಆ ಹೊತ್ತಿಗೇ ಕರೆಂಟು ಹೋಯಿತು. ಅಕ್ಕ ಅತ್ತಳು. ನಾನು ಅದನ್ನು ಹೇಳಿದರೆ ಈಗಲೂ ಒಪ್ಪುವುದಿಲ್ಲ.


ಹಳೇ ಕ್ಯಾಸೆಟ್, ಕೊಪ್ಪಳ:

ಮೊದಲು ರಾಯಚೂರಿನವರಿಗೆ. ನೀವು ವರ್ಣಿಸಿದ್ದು ಗ್ಯಾಲಕ್ಸಿಯನ್ ಅಲ್ಲ, ಗ್ಯಾಲಗ. ಎರಡೂ ನಾಮ್ಕೊ ಸಂಸ್ಥೆಯವು. ಗ್ಯಾಲಕ್ಸಿಯನ್ 1979ರದು, ಗ್ಯಾಲಗ 1981ರದು. ಗ್ಯಾಲಕ್ಸಿಯನ್‌ನಲ್ಲಿ ಹುಳುಗಳು ಧುಮುಕುತ್ತವೆ, ಆದರೆ ಸೆರೆ ಹಿಡಿಯುವ ಬೆಳಕು ಇಲ್ಲ. ಒಂದು ಗುಂಡು ತಾಗುವವರೆಗೆ ಅಥವಾ ಪರದೆ ದಾಟುವವರೆಗೆ ಇನ್ನೊಂದನ್ನು ಬಿಡುವಂತೆಯೂ ಇಲ್ಲ. ಗ್ಯಾಲಗದಲ್ಲಿ ಪರದೆಯ ಮೇಲೆ ಒಮ್ಮೆಗೆ ಎರಡು ಗುಂಡು ಇರಬಹುದು, ಜೋಡಿ ವಿಮಾನವಾದರೆ ಅದೂ ದುಪ್ಪಟ್ಟು. ನಮ್ಮೂರ ಕಡೆ ಸಿಗುತ್ತಿದ್ದ ನಕಲಿ ಕ್ಯಾಸೆಟ್ಟುಗಳ ಪಟ್ಟಿಯಲ್ಲಿ ಹೆಸರುಗಳು ಕಲಸುಮೇಲೋಗರ ಆಗಿರುತ್ತಿದ್ದವು, ಆದ್ದರಿಂದ ತಪ್ಪು ನಿಮ್ಮದಲ್ಲ. ಲಕ್ಷಗಟ್ಟಲೆ ಆಟ ಇವೆ ಎಂದು ಚೀಟಿ ಅಂಟಿಸಿದ ಕ್ಯಾಸೆಟ್ಟನ್ನು ಹಾಕಿ ನೋಡಿದರೆ ಇರುತ್ತಿದ್ದದ್ದು ಬೆರಳೆಣಿಕೆಯಷ್ಟು. ಅವನ್ನೇ ಬೇರೆ ಬೇರೆ ಹಂತದಿಂದ ಶುರುಮಾಡಿ ಬೇರೆ ಬೇರೆ ಹೆಸರಿಡುತ್ತಿದ್ದರು.

ಇನ್ನು ಬಳ್ಳಾರಿಯವರ ಆಟ. ಬಳೆಗಳು ಎಂದಾಗಲೇ ಅನುಮಾನ ಬಂತು, ಹಕ್ಕಿಯ ಚಿತ್ರ ಎಂದಾಗ ಖಾತ್ರಿಯಾಯಿತು. ಅದು ಜೆವಿಯಸ್. ಅದೂ ನಾಮ್ಕೊ ಸಂಸ್ಥೆಯದೇ, ರೂಪಿಸಿದವರು ಮಸನೊಬು ಎಂಡೋ. ನೀವು ಆಡಿದ್ದು ಮನೆಯ ಟಿವಿಗೆ ಜೋಡಿಸುವ ಫ್ಯಾಮಿಕಾಮ್ ಯಂತ್ರಕ್ಕೆ 1984ರಲ್ಲಿ ಬಂದ ರೂಪದ ನಕಲು. ನೆಲದ ಮೇಲಿನ ಹಕ್ಕಿ ಪೆರು ದೇಶದ ನಾಸ್ಕಾ ಮರುಭೂಮಿಯಲ್ಲಿ ನಿಜವಾಗಿಯೂ ಇರುವ ರೇಖಾಚಿತ್ರ. ಅದಕ್ಕಿಂತ ಮುಂಚಿನ ಹಲವು ಹೆಸರಾಂತ ಆಟಗಳಲ್ಲಿ ಕಪ್ಪು ಆಕಾಶ, ನಾಲ್ಕು ಚುಕ್ಕಿ, ಅಷ್ಟೇ. ಇದರಲ್ಲಿ ಆಕಾಶ ಬೇರೆ, ನೆಲ ಬೇರೆ. ಎರಡಕ್ಕೂ ಬೇರೆ ಬೇರೆ ಆಯುಧ. ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ ಇಟ್ಟುಕೊಂಡು ಆಡಬೇಕು. ನಾಣ್ಯ ಹಾಕಿ ಆಡುವ ಅಂಗಡಿಗಳಲ್ಲಿ ಇರುತ್ತಿದ್ದ ಮೂಲ ಯಂತ್ರದಲ್ಲಿ, ಕೆಳಗೆ ವೈರಿಯ ನೆಲೆ ಇದ್ದರೆ ಆ ಗುರಿಯ ಗುರುತು ಕೆಂಪಾಗಿ ಮಿನುಗುತ್ತದೆ. ನಿಮ್ಮ ಕಾಕಾ ಅವರ ಕಪ್ಪು ಬಿಳುಪು ಟಿವಿಯಲ್ಲಿ ಕೆಂಪೂ ಒಂದೇ, ಹಸಿರೂ ಒಂದೇ.

ತಗಡಿನ ವಿಷಯ. ಅದರ ಹೆಸರು ಬಕುರ. ಅದು ಒಡೆಯುವುದಿಲ್ಲ. 256 ಗುಂಡು ಹೊಡೆದರೆ ಒಡೆಯುತ್ತದೆ ಎಂಬ ವದಂತಿ ಜಪಾನಿನ ಹುಡುಗರಲ್ಲೂ ಇತ್ತು. ಅಷ್ಟು ಗುಂಡು ತಾಗುವುದರೊಳಗೆ ಅದು ಪರದೆ ದಾಟಿ ಹೋಗಿರುತ್ತದೆ. ನಿಮ್ಮ ಗೆಳೆಯರು ಸುಳ್ಳು ಹೇಳಿದ್ದಾರೆ.


ಕೌಲ್‌ಬಜಾರ್ ಮೆಕ್ಯಾನಿಕ್, ಬಳ್ಳಾರಿ:

ಸರ್, ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಮೂವತ್ತು ವರ್ಷ ಹೆಸರಿಲ್ಲದೆ ತಿರುಗಾಡಿದ ಆಟಕ್ಕೆ ನೀವು ಹೆಸರಿಟ್ಟಿರಿ, ತಗಡಿಗೂ ಇಟ್ಟಿರಿ. ಬಕುರ! ಯಾವುದೋ ಬೇಕರಿಯ ಹೆಸರಿನಂತಿದೆ. ಜಪಾನಿನ ಹುಡುಗರೂ ನನ್ನಂತೆಯೇ ಕುಳಿತು ತಗಡಿಗೆ ಹೊಡೆಯುತ್ತಿದ್ದರು ಎಂದು ತಿಳಿದು ಒಂದು ತರಹ ಸಮಾಧಾನವಾಯಿತು. ಅಕ್ಕನ ಮಗ ಕಂಪ್ಯೂಟರಿನಲ್ಲಿ ಹಳೆಯ ಅಂಗಡಿ ಯಂತ್ರದ ಆಟವನ್ನೇ ಆಡುವಂತೆ ಮಾಡಿಕೊಡುತ್ತೇನೆ ಎಂದಿದ್ದಾನೆ. ಆಡಿ ಬಂದು ಬರೆಯುತ್ತೇನೆ.

ಗೆಳೆಯನ ವಿಷಯದಲ್ಲಿ ಅಷ್ಟು ಕಟುವಾಗಿ ಹೇಳಬೇಡಿ. ಅವನು ಲೆಕ್ಕದಲ್ಲಿ ನಕಲು ಮಾಡಿದ್ದಾನೆ, ಮಾವಿನಕಾಯಿ ಕದ್ದಿದ್ದಾನೆ. ಆದರೆ ನನ್ನ ಹತ್ತಿರ ಸುಳ್ಳು ಹೇಳಿದ್ದು ನನಗೆ ನೆನಪಿಲ್ಲ.


ಗಂಗಾವತಿ ಸೋನಾ:

ಇಲ್ಲಿ ಎಲ್ಲರೂ ಅಂಗಡಿ, ಕ್ಯಾಸೆಟ್ಟು ಎನ್ನುತ್ತಿದ್ದೀರಿ. ನನ್ನ ವಯಸ್ಸಿನ ಹುಡುಗಿಯರನ್ನು ಅಂಥ ಅಂಗಡಿಯ ಗೋಣಿಪರದೆ ಸರಿಸಲು ಯಾರು ಬಿಡುತ್ತಿದ್ದರು? ತಮ್ಮ ಹೋಗಿ ಬಂದು ವರ್ಣಿಸುತ್ತಿದ್ದ, ನಾನು ಬಟ್ಟೆ ಮಡಚುತ್ತ ಕೇಳುತ್ತಿದ್ದೆ. ಆಮೇಲೆ ಅಪ್ಪ ನೋಕಿಯಾ 1100 ತಂದರು. 2005 ಇರಬೇಕು, ನಾನು ಪಿಯುಸಿಯಲ್ಲಿದ್ದೆ. ಟಾರ್ಚ್ ಇರುವ ಮೊಬೈಲ್ ಎಂದೇ ನಮ್ಮ ಓಣಿಯಲ್ಲಿ ಅದಕ್ಕೆ ಹೆಸರು. ಅದರಲ್ಲಿ ಹಾವಿನ ಆಟದ ಜೊತೆಗೆ ಇನ್ನೊಂದು ಆಟ ಇತ್ತು, ಸ್ಪೇಸ್ ಇಂಪ್ಯಾಕ್ಟ್. ಚಿಕ್ಕ ನೌಕೆ ಎಡದಿಂದ ಬಲಕ್ಕೆ ಹೋಗುತ್ತದೆ, ಎದುರಿನಿಂದ ಏನೇನೋ ಬರುತ್ತವೆ. ಎಲ್ಲವೂ ಕಪ್ಪು ಚುಕ್ಕಿಗಳೇ. ನನಗೆ ಅದೇ ಜೆವಿಯಸ್ಸು, ಅದೇ ಗ್ಯಾಲಗ.

ಅಪ್ಪ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಭತ್ತದ ಸುಗ್ಗಿಯಲ್ಲಿ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು, ಮೊಬೈಲನ್ನು ದೇವರ ಗೂಡಿನ ಪಕ್ಕ ಇಟ್ಟು ಊಟಕ್ಕೆ ಕೂರುತ್ತಿದ್ದರು. ಅವರು ಕೈ ತೊಳೆದು ಏಳುವವರೆಗೆ ಮೊಬೈಲು ನನ್ನದು. ಅಪ್ಪ ಬೇಗ ಉಣ್ಣುವವರು. ಎರಡು ರೊಟ್ಟಿ, ಸ್ವಲ್ಪ ಅನ್ನ, ಮಜ್ಜಿಗೆ. ಹನ್ನೆರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಅವ್ವನಿಗೆ ನನ್ನ ಸಂಕಟ ತಿಳಿದಿತ್ತು. ನಾನು ದೊಡ್ಡ ವೈರಿಯ ಮುಂದೆ ಇದ್ದೇನೆ ಎಂದು ಮುಖ ನೋಡಿಯೇ ಗೊತ್ತಾದರೆ, ‘ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ, ಬಿಸಿ ಇದೆ’ ಎಂದು ಅಪ್ಪನನ್ನು ತಡೆಯುತ್ತಿದ್ದಳು. ಆ ವರ್ಷ ಅಪ್ಪನ ಹೊಟ್ಟೆ ಬಂದದ್ದಕ್ಕೆ ಕಾರಣ ನಾನೇ.

ಇದರ ನಡುವೆ ರೈತರ ಫೋನು. ಕರೆ ಬಂದರೆ ಆಟ ನಿಲ್ಲುತ್ತಿತ್ತು. ‘ತೇವಾಂಶ ಎಷ್ಟು ಹಿಡಿಯುತ್ತೀರಿ, ನಾಳೆ ಎಷ್ಟು ಲಾರಿ ಬರಬಹುದು’ ಎಂದು ಅವರು ಕೇಳುವುದು, ಅಪ್ಪ ಎಡಗೈಯಲ್ಲಿ ಮೊಬೈಲ್ ಹಿಡಿದು ಬಲಗೈ ಎಂಜಲಲ್ಲೇ ಉತ್ತರಿಸುವುದು. ನಾನು ಪಕ್ಕದಲ್ಲಿ ನಿಂತು, ಎಲ್ಲಿ ನಿಲ್ಲಿಸಿದ್ದೆ, ಗುಂಡು ಎಷ್ಟು ದೂರ ಬಂದಿತ್ತು ಎಂದು ಕಣ್ಣು ಮುಚ್ಚಿ ನೆನಪಿಟ್ಟುಕೊಳ್ಳುತ್ತಿದ್ದೆ. ಏಕೆಂದರೆ ಮತ್ತೆ ಶುರುಮಾಡಿದ ತಕ್ಷಣ ಅದು ಮೂಗಿನ ಹತ್ತಿರವೇ ಇರುತ್ತಿತ್ತು. ಇವತ್ತಿಗೂ ನಾನು ಯಾವುದೇ ಆಟವನ್ನು ನಡುವೆ ನಿಲ್ಲಿಸಿ ಮತ್ತೆ ಹಿಡಿಯುವುದರಲ್ಲಿ ಯಾರಿಗೂ ಸೋಲುವುದಿಲ್ಲ. ಈಗ ನನ್ನ ಕರೆಗಳು ಬೇರೆ, ಮಗುವಿನ ಅಳು ಬೇರೆ.

ಹಳೇ ಕ್ಯಾಸೆಟ್ ಸರ್ ಅವರಿಗೆ ಒಂದು ಪ್ರಶ್ನೆ. ತಮ್ಮ ಈಚೆಗೆ ಹಳೆಯ ಸ್ಪೇಸ್ ಇನ್ವೇಡರ್ಸ್ ತೋರಿಸಿದ. ಮೊದಲು ಎಮ್ಮೆಗಳಂತೆ ಮೆಲ್ಲಗೆ ಬರುವ ಆ ಪ್ರಾಣಿಗಳು ಕೊನೆಗೆ ಒಂದೇ ಉಳಿದಾಗ ಹುಚ್ಚು ಹಿಡಿದಂತೆ ಓಡುತ್ತವೆ. ಯಾಕೆ? ಇನ್ನು, ಎಲ್ಲರ ತಪ್ಪು ತಿದ್ದುವ ನೀವು ನಿಮ್ಮ ಮೊದಲ ಆಟ ಯಾವುದೆಂದು ಹೇಳಲೇ ಇಲ್ಲ.


ಬಾತುಕೋಳಿ ಶಿಕಾರಿ, ಸಿಂಧನೂರು:

ನನ್ನದು ಪಿಸ್ತೂಲಿನ ಆಟ, ಡಕ್ ಹಂಟ್. ಗುರಿ ತಪ್ಪಿದರೆ ಹುಲ್ಲಿನಿಂದ ಎದ್ದು ನಗುವ ಆ ನಾಯಿಯನ್ನು ನೂರಾರು ಸಲ ಹೊಡೆದಿದ್ದೇನೆ, ಸಾಯುವುದಿಲ್ಲ. ಪಿಸ್ತೂಲಿನಿಂದ ಏನೋ ಹೊರಬಂದು ಟಿವಿಗೆ ತಾಗುತ್ತದೆ ಎಂದು ನಂಬಿದ್ದೆವು. ಕಣ್ಣಿಗೆ ಹಿಡಿಯಬಾರದು ಎಂದು ಅಜ್ಜಿ ಬೈಯುತ್ತಿದ್ದರು. ನಿಜವೆಂದರೆ ಹೊರಬರುವುದು ಏನೂ ಇಲ್ಲ. ಪಿಸ್ತೂಲಿನ ಕುದುರೆ (ಟ್ರಿಗರ್) ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಬಾತುಕೋಳಿ ಇರುವ ಜಾಗ ಮಾತ್ರ ಬಿಳಿ ಚೌಕವಾಗುತ್ತದೆ. ಪಿಸ್ತೂಲಿನ ಬಾಯಿಗೆ ಆ ಬೆಳಕು ಕಂಡರೆ ಏಟು ಬಿದ್ದಂತೆ. ಮೊದಲು ಕತ್ತಲೆ, ಆಮೇಲೆ ಬೆಳಕು ಕಾಣಬೇಕು. ಆದ್ದರಿಂದಲೇ ಬಲ್ಬಿಗೆ ಹಿಡಿದು ಮೋಸ ಮಾಡಲು ಹೋದ ನಮ್ಮ ಅಣ್ಣನಿಗೆ ಏನೂ ಗಿಟ್ಟಲಿಲ್ಲ. ಹೋದ ದೀಪಾವಳಿಗೆ ಅಟ್ಟದಿಂದ ಪಿಸ್ತೂಲು ತೆಗೆದು ಹೊಸ ಚಪ್ಪಟೆ ಟಿವಿಗೆ ಹಿಡಿದೆವು. ಒಂದು ಕೋಳಿಯೂ ಬೀಳಲಿಲ್ಲ. ಹಳೆಯ ದಪ್ಪ ಟಿವಿಯೇ ಬೇಕಂತೆ. ನಾಯಿ ಮಾತ್ರ ಹೊಸ ಟಿವಿಯಲ್ಲೂ ನಗುತ್ತದೆ.


ಹಳೇ ಕ್ಯಾಸೆಟ್, ಕೊಪ್ಪಳ:

ಗಂಗಾವತಿಯ ತಂಗಿಗೆ. ಸ್ಪೇಸ್ ಇನ್ವೇಡರ್ಸ್ 1978ರದು, ಟೈಟೊ ಸಂಸ್ಥೆಯ ತೊಮೊಹಿರೊ ನಿಶಿಕಾಡೊ ಮಾಡಿದ್ದು. ಅದರಲ್ಲಿ ಸಾಲಿಗೆ 11ರಂತೆ 5 ಸಾಲು, ಒಟ್ಟು 55 ಪ್ರಾಣಿಗಳು. ಒಳಗಿದ್ದ ಪ್ರೊಸೆಸರ್ ಇಂಟೆಲ್ 8080. ಅದಕ್ಕೆ 55ನ್ನೂ ಒಟ್ಟಿಗೆ ಸರಿಸುವ ತಾಕತ್ತು ಇರಲಿಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಅಳಿಸಿ ಮುಂದಿಡುತ್ತಿತ್ತು. 55 ಇದ್ದಾಗ ಒಂದು ಪ್ರಾಣಿಯ ಸರದಿ ಮತ್ತೆ ಬರಲು 55 ಸರದಿ ಕಾಯಬೇಕು. 10 ಇದ್ದರೆ 10. ಒಂದೇ ಉಳಿದರೆ ಪ್ರತಿ ಸರದಿಯೂ ಅದರದೇ. ಅಂದರೆ ಅದಕ್ಕೆ ಹುಚ್ಚು ಹಿಡಿದದ್ದಲ್ಲ, ಕ್ಯೂ ಖಾಲಿಯಾದದ್ದು. ನಿಶಿಕಾಡೊ ಅದನ್ನು ದೋಷವೆಂದು ತಿದ್ದದೆ ಹಾಗೆಯೇ ಬಿಟ್ಟರು. ಹಿನ್ನೆಲೆಯ ನಾಲ್ಕು ಸ್ವರದ ಢಂ ಢಂ ಸದ್ದೂ ಅದರ ಜೊತೆಗೇ ವೇಗವಾಗುತ್ತದೆ.

ನನ್ನ ಮೊದಲ ಆಟವೂ ಅದೇ. ಹೇಳುವುದಕ್ಕೆ ಸಂಕೋಚವಿತ್ತು, ಏಕೆಂದರೆ ಅದರಲ್ಲಿ ಸ್ವಲ್ಪ ಕಳ್ಳತನವಿದೆ. ಗವಿಮಠದ ಜಾತ್ರೆಗೆ ಒಂದು ವರ್ಷ ತೊಟ್ಟಿಲು, ಜೋಕಾಲಿಗಳವರ ಜೊತೆ ಒಂದು ಹಳೆಯ ನಿಲುವು ಪೆಟ್ಟಿಗೆ ಬಂದಿತ್ತು. ಬೇರೆ ಊರುಗಳಲ್ಲಿ ಸವೆದು, ಗುಂಡಿಗಳೆಲ್ಲ ತೇಪೆ ಹಾಕಿದ ಯಂತ್ರ. ಗಾಜಿನ ಮೇಲೆ ಹಸಿರು ಪಟ್ಟಿಯೊಂದನ್ನು ಅಂಟಿಸಿದ್ದರು. ಚಿತ್ರ ಕಪ್ಪು ಬಿಳುಪೇ, ಕೆಳಗಿನ ಭಾಗ ಮಾತ್ರ ಆ ಪಟ್ಟಿಯಿಂದ ಹಸಿರಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಬಲೂನಿಗೆ ಗುಂಡು ಹೊಡೆಯುವ ಅಂಗಡಿ, ಇನ್ನೊಂದು ಪಕ್ಕದಲ್ಲಿ ಮಿರ್ಚಿ ಕರಿಯುವ ಬಾಣಲೆ. ಕೈಯಲ್ಲಿ ಮಿರ್ಚಿಯ ಎಣ್ಣೆ, ಗುಂಡಿ ಜಾರುತ್ತಿತ್ತು. ದಾಸೋಹದ ಸಾಲಿನಲ್ಲಿ ಅಜ್ಜನ ಪಕ್ಕ ನಿಂತವನು ನಡುವೆಯೇ ತಪ್ಪಿಸಿಕೊಂಡು ಓಡಿ ಬಂದಿದ್ದೆ. ಅಜ್ಜ ಬಳೆಪೇಟೆಯಿಂದ ಕಿನ್ನಾಳದ ಬೊಂಬೆ ಕೊಡಿಸಲು ಇಟ್ಟಿದ್ದ ಐದು ರೂಪಾಯಿ ನನ್ನ ಜೇಬಿನಲ್ಲಿತ್ತು. ಐದು ಆಟದಲ್ಲಿ ಐದೂ ಹೋಯಿತು. ಬೊಂಬೆ ಎಲ್ಲಿ ಎಂದರೆ ಜನಜಂಗುಳಿಯಲ್ಲಿ ಬಿದ್ದುಹೋಯಿತು ಎಂದೆ. ಅಜ್ಜ ಮರುಮಾತಾಡದೆ ಇನ್ನೊಂದು ಬೊಂಬೆ ಕೊಡಿಸಿದರು. ಗಿಳಿ. ಇನ್ನೂ ಇದೆ, ಕೊಕ್ಕಿನ ಬಣ್ಣ ಹೋಗಿದೆ.

ಮೇಲೆ ಆಗಾಗ ಒಂದು ಹಾರುವ ತಟ್ಟೆ ಅಡ್ಡ ಹಾಯುತ್ತದೆ. ಅದಕ್ಕೆ ಎಷ್ಟು ಅಂಕ ಸಿಗುತ್ತದೆ ಎಂಬುದು ಅದೃಷ್ಟವೆಂದು ಎಲ್ಲರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಅದು ಲೆಕ್ಕ. 22 ಗುಂಡು ಬಿಟ್ಟು 23ನೆಯದರಿಂದ ಹೊಡೆದರೆ 300 ಅಂಕ. ಅಲ್ಲಿಂದ ಮುಂದೆ ಪ್ರತಿ 15ನೆಯ ಗುಂಡಿಗೆ ಅದೇ 300. ಇದು ನನಗೆ ತಿಳಿದದ್ದು ಇಪ್ಪತ್ತು ವರ್ಷದ ಮೇಲೆ. ಅಂದು ತಿಳಿದಿದ್ದರೆ ಐದು ರೂಪಾಯಿ ಇನ್ನಷ್ಟು ಹೊತ್ತು ಬಾಳುತ್ತಿತ್ತು.


ಕೌಲ್‌ಬಜಾರ್ ಮೆಕ್ಯಾನಿಕ್, ಬಳ್ಳಾರಿ:

ಆಡಿದೆ. ಶನಿವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತವನು ಎದ್ದಾಗ ಎರಡು ಗಂಟೆ. ಮೊದಲ ಬಾರಿಗೆ ಬಣ್ಣದಲ್ಲಿ ನೋಡಿದೆ. ಕಾಡು ಹಸಿರಾಗಿದೆ! ಗೊತ್ತಿರಬೇಕಾಗಿತ್ತು, ಕಾಡು ಇನ್ನೇನು ಬಣ್ಣವಿರುತ್ತದೆ. ಆದರೆ ನನ್ನ ತಲೆಯಲ್ಲಿ ಅದು ಮೂವತ್ತು ವರ್ಷ ಬೂದಿಯ ಬಣ್ಣದಲ್ಲೇ ಇತ್ತು. ಗುರಿಯ ಗುರುತು ಮಿನುಗುವುದನ್ನೂ ಕಂಡೆ. ಬಾಂಬು ಯಾವಾಗ ಹಾಕಬೇಕು ಎಂದು ಅದು ಅಷ್ಟು ಸ್ಪಷ್ಟವಾಗಿ ಕೂಗಿ ಹೇಳುತ್ತಿದೆ, ನಾವು ಆಗ ಅಂದಾಜಿನಲ್ಲಿ ಕೆಡವುತ್ತಿದ್ದೆವು.

ತಗಡು ಬಂತು. ಅದೇ ಸದ್ದು. ಮಗಳು ನಿದ್ದೆಯಲ್ಲಿ ‘ಅದೇನು ಅಪ್ಪಾ’ ಎಂದಳು. ಬೆರಳು ಸೋಲುವವರೆಗೆ ಹೊಡೆದೆ. ಒಂದೊಂದು ತಗಡಿಗೆ ಇಪ್ಪತ್ತು ಮೂವತ್ತು ಏಟು ತಾಗಿಸುವುದರೊಳಗೆ ಅದು ಕೆಳಗಿಳಿದು ಹೋಗುತ್ತದೆ ಅಥವಾ ನನ್ನನ್ನು ಕೆಡವುತ್ತದೆ. 256 ಎಂಬುದು ಕನಸಿನ ಮಾತು.

ಒಂದು ಬೇಸರದ ಸಂಗತಿ. ನನ್ನ ಕೈ ನಿಧಾನವಾಗಿದೆ. ಆಗ ಎಷ್ಟು ಸಲೀಸಾಗಿ ತಪ್ಪಿಸಿಕೊಳ್ಳುತ್ತಿದ್ದೆನೋ ಅಲ್ಲೆಲ್ಲ ಈಗ ಸಾಯುತ್ತಿದ್ದೇನೆ. ದಿನವಿಡೀ ಸೂಜಿಯ ಕಣ್ಣಿಗೆ ದಾರ ಪೋಣಿಸುವ ಕೈ ಇದು, ನಡುಗುವುದಿಲ್ಲ. ಆದರೂ ವಯಸ್ಸು ವಯಸ್ಸೇ.


ಹಳೇ ಕ್ಯಾಸೆಟ್, ಕೊಪ್ಪಳ:

ವಯಸ್ಸಿನ ಮೇಲೆ ಹಾಕಬೇಡಿ. ಜಪಾನಿನ ಟಿವಿಯಲ್ಲಿ ಸೆಕೆಂಡಿಗೆ 60 ಸಲ ಚಿತ್ರ ಮೂಡುತ್ತದೆ, ನಮ್ಮ ದೇಶದ ಹಳೆಯ ಟಿವಿಗಳಲ್ಲಿ 50 ಸಲ. ಈ ಆಟಗಳು ಟಿವಿಯ ತಾಳಕ್ಕೆ ಹೆಜ್ಜೆ ಹಾಕುವಂಥವು. ನಮ್ಮ ಟಿವಿಗೆಂದು ಬರುತ್ತಿದ್ದ ನಕಲಿ ಡಬ್ಬಿಗಳಲ್ಲಿ ಅವು ಆರರಲ್ಲಿ ಒಂದು ಪಾಲು ನಿಧಾನವಾಗಿ ಓಡುತ್ತಿದ್ದವು. ನೀವು ಶನಿವಾರ ಆಡಿದ್ದು ಮೂಲ ವೇಗದ್ದು, ಅದೂ ಅಂಗಡಿಯ ಯಂತ್ರದ್ದು. 1994ರಲ್ಲಿ ನಿಮ್ಮ ಕೈ ಚುರುಕಾಗಿತ್ತು ಎಂಬುದಕ್ಕಿಂತ ಆಟವೇ ಮಂದವಾಗಿತ್ತು ಎನ್ನುವುದು ಸರಿ.


ತೀನ್ ಕಂದೀಲ್, ರಾಯಚೂರು:

ಸರ್, ನೀವು ಸಮಾಧಾನ ಹೇಳಿದ್ದೋ ಅಥವಾ ಅಣ್ಣನ ಬಾಲ್ಯದ ಪರಾಕ್ರಮವನ್ನೂ ಕಿತ್ತುಕೊಂಡದ್ದೋ?

ಅಕ್ಕನಿಗೆ ಈ ಮಾತುಕತೆಯನ್ನೆಲ್ಲ ಕಳಿಸಿದೆ. ‘ನಾನು ಅತ್ತಿಲ್ಲ’ ಎಂದಷ್ಟೇ ಉತ್ತರ ಬಂತು.


ಕೌಲ್‌ಬಜಾರ್ ಮೆಕ್ಯಾನಿಕ್, ಬಳ್ಳಾರಿ:

ಆರರಲ್ಲಿ ಒಂದು ಪಾಲು ಎಂದರೆ ಕಡಿಮೆಯೇನಲ್ಲ. ಹೊಲಿಗೆ ಯಂತ್ರದ ವೇಗವನ್ನು ಅಷ್ಟು ಇಳಿಸಿದರೆ ಸಂಜೆಗೆ ಮಾಲೀಕರು ನನ್ನನ್ನು ಕರೆಸುತ್ತಾರೆ. ಒಪ್ಪಿದೆ ಸರ್. ಪರಾಕ್ರಮ ಹೋದರೆ ಹೋಗಲಿ, ಕೈ ಉಳಿಯಿತಲ್ಲ.

ನಿನ್ನೆ ಆ ಗೆಳೆಯನಿಗೆ ಫೋನ್ ಮಾಡಿದೆ. ಅವನೀಗ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾನೆ. ಹೆಣ್ಣುಮಕ್ಕಳ ಓದು, ಅವನ ಮೊಣಕಾಲು ನೋವು ಎಲ್ಲ ಮಾತಾಡಿ, ಕೊನೆಗೆ ಕೇಳಿದೆ. ‘ಸೈಕಲ್ ಅಂಗಡಿಯಲ್ಲಿ ನೀನು ತಗಡು ಒಡೆದೆ ಎಂದಿದ್ದೆಯಲ್ಲ, ಅದು ಒಡೆಯುವುದೇ ಇಲ್ಲವಂತೆ.’ ಯಾವ ತಗಡು ಎಂದು ಅವನು ಕೇಳಲಿಲ್ಲ. ಒಂದು ಕ್ಷಣವೂ ತಡೆಯಲಿಲ್ಲ. ‘ಯಾರು ಹೇಳಿದ್ದು?’ ಎಂದ. ಕೊಪ್ಪಳದ ಸರ್ ಹೇಳಿದ್ದನ್ನು ಹೇಳಿದೆ, ಜಪಾನಿನ ವದಂತಿ ಹೇಳಿದೆ, ನಾನು ಎರಡು ಗಂಟೆಯವರೆಗೆ ಹೊಡೆದದ್ದನ್ನೂ ಹೇಳಿದೆ.

‘ನಾನು ಒಡೆದದ್ದು ನಿಜ’ ಎಂದ. ‘ನಾಲ್ಕನೆಯದನ್ನು. ನೀನು ಆಗ ನಲ್ಲಿಯ ಹತ್ತಿರ ನೀರು ಕುಡಿಯಲು ಹೋಗಿದ್ದೆ.’

ಹಿಂದಿನ ದಿನ ನಾನು ಅಂಗಡಿಗೇ ಬಂದಿರಲಿಲ್ಲ ಎಂದು ನೆನಪಿಸಿದೆ. ‘ಹಾಗಾದರೆ ಅದು ಬೇರೆ ದಿನ, ಎರಡು ಸಲ ಒಡೆದಿರಬೇಕು’ ಎಂದ. ಮುಂದಿನ ಭಾನುವಾರ ಅವನಿಗೆ ರಜೆ. ಬೆಳಗಿನ ಬಸ್ಸಿಗೆ ಬರುತ್ತಾನಂತೆ. ಅಕ್ಕನ ಮಗನಿಗೆ ಇನ್ನೊಂದು ಜಾಯ್‌ಸ್ಟಿಕ್ ತರಲು ಹೇಳಿದ್ದೇನೆ. ಈ ಸಲ ನೀರಿನ ತಂಬಿಗೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತೇನೆ.